ಅಣ್ಣನ ಮೇಷ್ಟ್ರು

'ಯಜಮಾನರು' ಎಂಬ ಮಾತನ್ನು ಅವಳು ಆಗಲೇ ತಿದ್ದಬೇಕಿತ್ತು. ಬಸ್ಸಿನ ಹಿಂದಿನ ಸೀಟಿನ ಮುದುಕಿ, "ನಿಮ್ಮ ಯಜಮಾನರ ಕನ್ನಡಕ ಕೆಳಗೆ ಬಿತ್ತು ನೋಡಿ" ಅಂದಾಗ ಅವಳು ಬಗ್ಗಿ ಎತ್ತಿಕೊಟ್ಟಳು. ಕನ್ನಡಕದ ಜೊತೆ ಆ ಮಾತನ್ನೂ ಎತ್ತಿಕೊಂಡಂತಾಯಿತು. ಆಮೇಲೆ ಇಡೀ ಬಸ್ಸಿಗೆ ಅವರಿಬ್ಬರು ಗಂಡ ಹೆಂಡತಿ.

ಪಕ್ಕದಲ್ಲಿದ್ದವರು ಮೇಷ್ಟ್ರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು; ತೀರಿಕೊಂಡ ಅವಳ ಅಣ್ಣನ ಜೊತೆ ಒಂದೇ ಮನೆಯಲ್ಲಿ ಅರ್ಧ ಆಯುಷ್ಯ ಕಳೆದವರು. ಗಂಡಸರನ್ನು ಪ್ರೀತಿಸಿದ್ದಕ್ಕೆ ಜೈಲು ಕಂಡ, ಊರು ಬಿಟ್ಟ, ನೇಣಿಗೇರಿದ ಹಳೆಯ ಕಾಲದ ಗಂಡಸರ ಮನೆಗಳನ್ನು ತೋರಿಸುವ ಪ್ರವಾಸ ಇದು. ಎರಡು ಸೀಟು ಕಾದಿರಿಸಿದ್ದವನು ಅಣ್ಣ. ಅವನ ಸೀಟು ಖಾಲಿ ಹೋಗುವುದು ಬೇಡವೆಂದು ಮೇಷ್ಟ್ರು ಅವಳನ್ನು ಕರೆದಿದ್ದರು. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವ ಅವಳಿಗೆ ಒಲ್ಲೆನೆನ್ನಲು ಒಂದು ಕಾರಣವೂ ಹೊಳೆದಿರಲಿಲ್ಲ.

ಮೇಷ್ಟ್ರು ಅವಳಿಗೆ ಏನಾಗಬೇಕು? ಅಣ್ಣನ ಹೆಂಡತಿ ಅತ್ತಿಗೆ, ಅಕ್ಕನ ಗಂಡ ಭಾವ. ಅದರಾಚೆಗೆ ಭಾಷೆ ಕೈಚೆಲ್ಲುತ್ತದೆ. ಅಮ್ಮ ಮಾತ್ರ ಸಲೀಸಾಗಿ 'ಬಾಡಿಗೆಯವರು' ಎನ್ನುತ್ತಿದ್ದಳು. ಅಣ್ಣನ ಕೊನೆಯ ದಿನ ಆಸ್ಪತ್ರೆಯಲ್ಲಿ, ಮನೆಯವರು ಮಾತ್ರ ಒಳಗೆ ಬರಬಹುದೆಂದು ನರ್ಸ್ ಹೇಳಿದಾಗ ಮೇಷ್ಟ್ರು ಅವಳ ಮುಖ ನೋಡಿದ್ದರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಆ ಬಗ್ಗೆ ಇವತ್ತಿಗೂ ಇಬ್ಬರೂ ಮಾತೆತ್ತಿಲ್ಲ.

ಮಧ್ಯಾಹ್ನ ನೋಡಿದ ಮನೆ ಒಬ್ಬ ಪಿಟೀಲಿನವನದು. ಗೈಡ್ ಹೆಂಗಸು ದೊಡ್ಡ ದನಿಯಲ್ಲಿ ಕಥೆ ಹೇಳಿದಳು. ಅವನೂ ಒಬ್ಬ ವೈದ್ಯನೂ ಇಲ್ಲಿ ಕೂಡಿ ಬಾಳಿದರಂತೆ. ನೆರೆಯವರು ದೂರು ಕೊಟ್ಟು ಇಬ್ಬರನ್ನೂ ಜೈಲಿಗೆ ಹಾಕಿಸಿದರಂತೆ. ಪಿಟೀಲಿನವನು ಸೆರೆಮನೆಯಲ್ಲೇ ಸತ್ತನಂತೆ. ಬಿಡುಗಡೆಯಾಗಿ ಓಡಿ ಬಂದ ವೈದ್ಯನಿಗೆ ಸತ್ತವನ ಮನೆಯವರು ಮುಖ ನೋಡಲೂ ಬಿಡಲಿಲ್ಲವಂತೆ.

"ಎಂಥಾ ಕಟುಕರೋ," ಎಂದು ಮುದುಕಿ ಲೊಚಗುಟ್ಟಿದಳು.

ಅವಳೂ ತಲೆಯಾಡಿಸಿದಳು. ಆಡಿದ್ದು ತನ್ನದೇ ತಲೆ ಎಂದು ತಿಳಿದದ್ದು ಆಮೇಲೆ. ಎಂದೋ ಸತ್ತವರಿಗಾಗಿ ಮರುಗುವುದು ಸುಲಭ. ಕೈಗೆ ಮಸಿ ಹತ್ತುವುದಿಲ್ಲ.

ಮೇಷ್ಟ್ರು ತಲೆ ಓರೆ ಮಾಡಿ, ಮಕ್ಕಳು ಬರೆದ ಚಿತ್ರ ನೋಡುವವರಂತೆ ಆ ಮಲಗುವ ಕೋಣೆಯನ್ನು ನೋಡುತ್ತಿದ್ದರು. "ಬೆಳಕು ಸಾಲದು," ಅಂದರು. ಯಾರಿಗೆ ಅಂದರೋ.

ಹೊರಗೆ ಅಂಗಳದಲ್ಲಿ ಒಂದು ಕಲ್ಲುಬೆಂಚು. ಗಂಡ ಹೆಂಡತಿ ಇಬ್ಬರೂ ಕೂತರೆ ಫೋಟೋ ತೆಗೆಯುತ್ತೇನೆಂದಳು ಗೈಡ್. ಮೇಷ್ಟ್ರು ಕೂತರು. ಅವಳೂ ಕೂತಳು. ಮದುವೆಯಾಗದ ಅವಳಿಗೆ ಬೆಳಗಿನಿಂದ ಆ ಮಾತು ಶಾಲು ಹೊದ್ದಂತೆ ಹಿತವಾಗಿತ್ತು. ಶಾಲು ಅಣ್ಣನದು.

ಫೋಟೋ ತೆಗೆದು ಗೈಡ್ ಅತ್ತ ಸರಿದಳು. "ಇವರಿಗೆಲ್ಲ ನೀವು ಹೇಳ್ತೀರೋ, ನಾನೇ ಹೇಳ್ಲೋ?" ಮೇಷ್ಟ್ರು ಮೆಲ್ಲಗೆ ಕೇಳಿದರು.

"ಏನನ್ನ?"

ಅವರು ಅಂದು ಆಸ್ಪತ್ರೆಯಲ್ಲಿ ನೋಡಿದಂತೆಯೇ ಅವಳ ಮುಖ ನೋಡಿದರು. ಸಿಟ್ಟು ಬಂದಿದ್ದರೆ ಅವಳಿಗೆ ಅನುಕೂಲವಾಗುತ್ತಿತ್ತು.

"ಹೋಗ್ಲಿ ಬಿಡಿ. ಅವನು ಹೇಳ್ತಿದ್ದ, ನನ್ನ ತಂಗಿ ಓದಿದವಳು, ಅವಳಿಗೆ ಎಲ್ಲಾ ಗೊತ್ತಿದೆ, ನೀನಾಗಿ ಏನೂ ಕೇಳೋಕೆ ಹೋಗ್ಬೇಡ ಅಂತ."

ಅವಳು ಎದ್ದು ಬಸ್ಸಿಗೆ ಹೋದಳು. ಎಲ್ಲರೂ ಹತ್ತಿದರು. ಮೇಷ್ಟ್ರು ಹತ್ತಲಿಲ್ಲ.

"ನಿಮ್ಮ ಯಜಮಾನರು ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ತಾವೇ ಬರ್ತಾರಂತೆ," ಎಂದಳು ಗೈಡ್.

"ಅವರು ನನ್ನ ಯಜಮಾನರಲ್ಲ."

ದನಿ ಬೇಕಾದ್ದಕ್ಕಿಂತ ಜೋರಾಯಿತು. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಮತ್ತೆ? ಏನಾಗ್ಬೇಕು ನಿಮಗೆ?"

ನಾಲಿಗೆಯ ತುದಿಗೆ ಏನೋ ಬಂದು ನಿಂತಿತು. ಎಲ್ಲರೂ ಕಾದರು.

"ಪರಿಚಯದವರು," ಅಂದಳು.

ಚಾಲಕ ಎಂಜಿನ್ ಶುರು ಮಾಡಿದ. ಕಿಟಕಿಯ ಗಾಜಿಗೆ ದಾರಿಯ ಧೂಳು ಮೆತ್ತಿತ್ತು. ಬೆಂಚಿನ ಮೇಲೆ ಮೇಷ್ಟ್ರು ಒಂದು ಬೂದು ಮಚ್ಚೆಯಂತೆ ಕಂಡರು. ಅವಳು ಕರವಸ್ತ್ರ ತೆಗೆದು ಗಾಜನ್ನು ಒರೆಸಿದಳು. ತಿಳಿಯಾಗಲಿಲ್ಲ. ಧೂಳಿದ್ದದ್ದು ಹೊರಗಿನ ಮೈಗೆ. ತಿಳಿದೂ ಒರೆಸಿದಳು, ಒತ್ತಿ ಒತ್ತಿ, ಅತ್ತಿಂದಿತ್ತ.

ಮೇಷ್ಟ್ರು ತಲೆಯೆತ್ತಿದರು. ಗಾಜಿನಾಚೆ ಆಡುತ್ತಿದ್ದ ಕೈಯನ್ನು ಕಂಡು, ಅವಳು ಹೋಗಿಬರುತ್ತೇನೆ ಅನ್ನುತ್ತಿದ್ದಾಳೆಂದು ತಿಳಿದು, ತಾವೂ ಕೈಯೆತ್ತಿ ಬೀಸಿದರು.

ಬಸ್ಸು ಹೊರಟಿತು. ಅವಳು ಒರೆಸುತ್ತಲೇ ಇದ್ದಳು.