ಬೆಚ್ಚಗಿಟ್ಟ ಅಸಿಟೈಲ್‌ಕೋಲಿನ್

ಹತ್ತೊಂಬತ್ತನೆಯ ಸಲವೂ ಗೆರೆ ಅಲುಗಲಿಲ್ಲ. ಅಡ್ರಿನಲಿನ್ ಅಳೆಯುವ ಯಂತ್ರದ ಮುಂದೆ ಬಾಟ್ಲಿಯಕ್ಕ ಹಲ್ಲು ಕಚ್ಚಿಕೊಂಡು ಕೂತಳು.

ಅಡ್ರಿನಲ್ ಗ್ರಂಥಿಯ ಕೋಶಗಳನ್ನು ಬಿಡಿಸಿ ತಟ್ಟೆಯಲ್ಲಿ ಸಾಕುವುದು ಅವಳ ಕೆಲಸ. ದೇಹದೊಳಗೆ ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಉಗುಳಿದ ಕೂಡಲೇ ಈ ಕೋಶಗಳು ಅಡ್ರಿನಲಿನ್ ಸುರಿಸುತ್ತವೆ. ಇಲ್ಲಿ ಆ ನರದ ಕೆಲಸವನ್ನು ಅವಳು ಹನಿ ಬಿಡುವ ಪಿಪೆಟ್ ಮಾಡಬೇಕು. ಮೂರು ವಾರದಿಂದ ಕೋಶಗಳು ಕಿವಿಗೆ ಹತ್ತಿ ತುರುಕಿಕೊಂಡಂತಿದ್ದವು.

"ಇವತ್ತೂ ಬರ್ಲಿಲ್ಲ ಅಂದ್ರೆ ಈ ಮೇಜು ಬೇರೆಯವ್ರಿಗೆ," ಎಂದಿದ್ದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. ಅಂದರೆ ಮತ್ತೆ ಬಾಟ್ಲಿ ತೊಳೆಯುವ ತೊಟ್ಟಿ. ಆರು ವರ್ಷ ಸಂಜೆ ತರಗತಿಗೆ ಅಲೆದು ಅವಳು ಆ ತೊಟ್ಟಿಯಿಂದ ಎದ್ದು ಬಂದಿದ್ದಳು. ಅಡ್ಡಹೆಸರು ಮಾತ್ರ ಬಿಟ್ಟಿರಲಿಲ್ಲ.

ಕೋಶಗಳು ಸತ್ತಿರಲಿಲ್ಲ. ಪೊಟ್ಯಾಸಿಯಂ ಹಾಕಿದರೆ ಧಾರಾಳವಾಗಿ ಸುರಿಸುತ್ತಿದ್ದವು. ಹೊಟ್ಟೆ ಉರಿಯುವಂತೆ, ಅವಳೇ ಸಾಕಿದ ಕೋಶಗಳಲ್ಲಿ ಪಕ್ಕದ ಮೇಜಿನ ಗಡಿಬಿಡಿಯಣ್ಣನಿಗೆ ದಿನವೂ ಸರಿಯಾಗಿ ಬರುತ್ತಿತ್ತು. ಅವನೋ, ಕೊನೇ ಗಳಿಗೆಯಲ್ಲಿ ಅಸಿಟೈಲ್‌ಕೋಲಿನ್ ಪುಡಿ ತೂಗಿ, ಉಪ್ಪುನೀರಿಗೆ ಕಲಸಿ ಸುರಿಯುವ ಆಸಾಮಿ.

"ಹಿಂದಿನ ದಿನಾನೇ ಕಲಸಿಡೋಕೆ ಏನು ರೋಗ ನಿಂಗೆ?" ಎಂದು ರೇಗಿದಳು.

"ನಂಗೆಲ್ಲಿ ನೆನಪಿರುತ್ತೆ ತಾಯಿ? ನೀನ್ಯಾವಾಗ ಕಲಸ್ತೀಯ?"

"ಸಂಜೇನೇ. ಕೋಶ ಸಾಕೋ ದ್ರವದಲ್ಲೇ ಕಲಸಿ, ಬೆಳಗಿನವರೆಗೂ ಬೆಚ್ಚಗಿಡ್ತೀನಿ. ತಣ್ಣಗಿರೋದು ಸುರಿದ್ರೆ ಪಾಪ, ಅವಕ್ಕೆ ಏನಾಗ್ಬೇಡ?"

"ಸೀರಂ ಇರೋ ದ್ರವಾನಾ?" ಗಡಿಬಿಡಿಯಣ್ಣನ ನಗು ಅರ್ಧಕ್ಕೇ ನಿಂತಿತು.

ಅವಳು ತನ್ನ ಬೆಚ್ಚಗಿನ ಸೀಸೆಯನ್ನು ಎತ್ತಿ ನೋಡಿದಳು. ಅಸಿಟೈಲ್‌ಕೋಲಿನನ್ನು ಕತ್ತರಿಸಿ ಹಾಕುವ ಕಿಣ್ವ ಸೀರಂನಲ್ಲಿ, ಅಂದರೆ ರಕ್ತದ ತಿಳಿಯಲ್ಲಿ, ಇರುತ್ತದೆ. ಸಂಜೆ ತರಗತಿಯ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅವಳಿಗೆ ಪೂರ್ತಿ ಅಂಕ ಬಂದಿತ್ತು. ಮೂರು ವಾರ ಅವಳು ಕೋಶಗಳಿಗೆ ಉಣಿಸಿದ್ದು ಬರೀ ಚೂರುಗಳನ್ನು, ಅದೂ ಮುತುವರ್ಜಿಯಿಂದ ಬೆಚ್ಚಗೆ ಮಾಡಿ.

ಉಪ್ಪುನೀರಿನಲ್ಲಿ ಹೊಸದಾಗಿ ಕಲಸಿದಳು. ಹನಿ ಬಿತ್ತು. ಗೆರೆ ದಡಬಡನೆ ಮೇಲೇರಿತು.

"ಭಲೇ! ಹಳೇ ಕೋಶಗಳೇ ಸರಿಯಿರ್ಲಿಲ್ಲ ಅಂತ ಹೇಳ್ಬಿಡು. ಮೇಡಂಗೇನು ಗೊತ್ತಾಗುತ್ತೆ?"

ಅದು ಅವಳಿಗೂ ಹೊಳೆದಿತ್ತು. ಆದರೆ ದಾಖಲೆ ಪುಸ್ತಕದಲ್ಲಿ ಬರೆದಿಟ್ಟ ಆ ಹತ್ತೊಂಬತ್ತು ಪುಟಗಳನ್ನು ನಾಳೆ ಯಾರಾದರೂ ನಂಬಿಬಿಟ್ಟರೆ? ಹಾಳಾದ ಮನಸ್ಸು ಸುಮ್ಮನಿರಲಿಲ್ಲ. ಹೋಗಿ ಎಲ್ಲ ಒದರಿದಳು.

ಮೇಡಂ ಹಣೆ ಚಚ್ಚಿಕೊಂಡರು. "ಮೂರು ವಾರ!"

"ಮೇಜು, ಮೇಡಂ?"

"ಇಟ್ಕೋ. ಹತ್ತೊಂಬತ್ತನ್ನೂ ಮತ್ತೆ ಮಾಡು. ಯಾಕೆ ಕೆಟ್ಟಿತು ಅಂತ ಒಂದೊಂದು ಪುಟದಲ್ಲೂ ನೀನೇ ಬರಿ."

ಅವಳು ಬರೆಯತೊಡಗಿದಳು. ಏಳನೆಯ ಪುಟಕ್ಕೆ ಬರುವಷ್ಟರಲ್ಲಿ, ತನ್ನ ಮೇಲಿನ ಸಿಟ್ಟಿಗೆ, ಪೆನ್ನು ಕಾಗದವನ್ನು ಹರಿದುಕೊಂಡು ಆಚೆ ಹೋಯಿತು.