ಬಳ್ಳಿ ಹಿಡಿದ ಲೈನು

ಕತ್ತಿ ಬಿದ್ದ ಕಡೆಯಿಂದ ನೀರು ಚಿಮ್ಮಿ ಲೈನ್‌ಮನ್‌ನ ಮುಖಕ್ಕೆ ಬಡಿಯಿತು. ಅವನು ಹಿಂದೆ ಸರಿದು ತೋಳಿನಿಂದ ಕಣ್ಣು ಒರೆಸಿಕೊಂಡ. ತೊಡೆ ಗಾತ್ರದ ಬಳ್ಳಿ. ಕಡಿದ ಬಾಯಿಂದ ನೀರು ನಲ್ಲಿ ಬಿಟ್ಟಂತೆ ಸುರಿಯುತ್ತಿತ್ತು. ಸುತ್ತಲಿನ ಮಣ್ಣು ಬಿರಿದು ಬಾಯಿ ಬಿಟ್ಟಿತ್ತು, ಕಾಲಿಟ್ಟಲ್ಲೆಲ್ಲ ಒಣ ಎಲೆ ಪುಡಿಪುಡಿಯಾಗುತ್ತಿತ್ತು.

"ಮಳೆ ಮುಖ ನೋಡಿ ಎಷ್ಟು ಕಾಲ ಆಯ್ತು! ಇದಕ್ಕೆಲ್ಲಿಂದ ಬಂತು ಭಾವ ಇಷ್ಟು ನೀರು?" ಎಂದ ಉಡ. ಬೊಗಸೆಯೊಡ್ಡಿ ಆ ನೀರಿನಲ್ಲೇ ಕುತ್ತಿಗೆ ತೊಳೆದುಕೊಂಡ.

ಉಡ ಲೈನ್‌ಮನ್‌ನ ತಂಗಿಯ ಗಂಡ, ಜೊತೆಗೆ ಕೆಲಸದ ಜೊತೆಗಾರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಗ್ಗವಿಲ್ಲದೆ ಕಂಬಕ್ಕೆ ಕಚ್ಚಿಕೊಂಡಂತೆ ಹತ್ತಿದ್ದನ್ನು ಕಂಡು ಯಾರೋ ಹಾಗೆ ಕರೆದಿದ್ದರು. ಹೆಸರು ಅಂಟಿಕೊಂಡಿತು. ಸಿಟ್ಟು ಬಂದಾಗ ಹೆಂಡತಿಯೂ ಅವನನ್ನು ಹಾಗೇ ಕೂಗುತ್ತಿದ್ದಳು.

ಕೆಳಗಿನ ಪೇಟೆಯಿಂದ ಗುಡ್ಡದ ಮೇಲಿನ ವಸತಿಗೆ ಹೋಗುವ ವಿದ್ಯುತ್ ಲೈನು ಕಾಡಿನ ನಡುವೆ ಬೈತಲೆ ತೆಗೆದಂತೆ ಹಾದುಹೋಗಿತ್ತು. ಆ ಬೈತಲೆಯನ್ನು ಸವರಿ ಚೊಕ್ಕಟವಾಗಿಡುವುದು ಇವರ ಕೆಲಸ. ಮೊದಲೆಲ್ಲ ಮಳೆಗೆ ಮುಂಚೆ ಒಮ್ಮೆ ಸವರಿದರೆ ವರ್ಷ ಪೂರ್ತಿ ನಿಶ್ಚಿಂತೆ. ಈಗೀಗ ಮೇಲಿನ ತುದಿ ಮುಟ್ಟಿ ತಿರುಗಿ ನೋಡುವಷ್ಟರಲ್ಲಿ ಕೆಳಗಿನ ತುದಿಯಲ್ಲಿ ಬಳ್ಳಿ ತಂತಿಗೆ ಕೈಚಾಚಿರುತ್ತಿತ್ತು. ಹುಣಸೆ, ನೇರಳೆ ಎಂದು ಹೆಸರು ಹಿಡಿದು ಕರೆಯಬಹುದಾದ ಮರಗಳು ದಾರಿಯುದ್ದಕ್ಕೂ ಸೊರಗಿ ನಿಂತಿದ್ದವು. ಬಳ್ಳಿಗಳು ಮಾತ್ರ ಮದುವೆಗೆ ಹೊರಟವರಂತೆ ಮಿರಿಮಿರಿ ಮಿಂಚುತ್ತಿದ್ದವು.

ಹಿಂದಿನ ಸಂಜೆ ಬೀಸಿದ ಗಾಳಿಗೆ, ಸತ್ತು ನಿಂತಿದ್ದ ದೊಡ್ಡ ಮರವೊಂದು ಲೈನಿನತ್ತ ವಾಲಿ, ತಂತಿ ತುಂಡಾಗಿ ಕರೆಂಟು ಹೋಗಿತ್ತು. ಮೇಲಿನ ವಸತಿಯಲ್ಲಿ ಒಂದು ಸಣ್ಣ ಆಸ್ಪತ್ರೆ. ಉಡನ ಹೆಂಡತಿ ಅಲ್ಲಿ ನರ್ಸು. ಬೆಳಿಗ್ಗೆಯಿಂದ ಅವಳ ಫೋನು ಬರುತ್ತಲೇ ಇತ್ತು.

"ಅಣ್ಣಾ, ತಿಂಗಳು ತುಂಬದೇ ಹುಟ್ಟಿದ ಎರಡು ಕೂಸು ಬಿಸಿ ಕೊಡೋ ಪೆಟ್ಟಿಗೇಲಿವೆ. ಬಿಸಿ ಕಮ್ಮಿಯಾದ್ರೆ ಉಳಿಯಲ್ಲ. ಜನರೇಟರ್‌ಗೆ ಡೀಸೆಲ್ ತರೋಕೆ ಹೋದ ಗಾಡಿ ದಾರೀಲೇ ಸಿಕ್ಕಿಹಾಕಿಕೊಂಡಿದೆ, ಅಲ್ಲೂ ಮರ ಬಿದ್ದಿದೆಯಂತೆ. ಸಂಜೆ ತನಕ ತಳ್ಳಬಹುದು, ಅಷ್ಟೇ. ಬೇಗ ಏನಾದ್ರೂ ಮಾಡ್ರೋ."

ಇಂಜಿನಿಯರ್ ಕೂಡ ಗರಗಸದ ಯಂತ್ರದವನೊಬ್ಬನನ್ನು ಕರೆದುಕೊಂಡು ಬಂದು ನಿಂತಿದ್ದರು. ಒಳ್ಳೆಯ ಮನುಷ್ಯ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಮರವನ್ನು ಹಗ್ಗ ಬಿಗಿದು ಲೈನಿಗೆ ವಿರುದ್ಧ ದಿಕ್ಕಿಗೆ ಉರುಳಿಸುವುದು, ತುಂಡಾದ ತಂತಿ ಜೋಡಿಸುವುದು, ಕತ್ತಲಾಗುವುದರೊಳಗೆ ಕರೆಂಟು ಕೊಡುವುದು. ಹೇಳಿದರೆ ಮೂರು ಮಾತಿನ ಕೆಲಸ.

ಗರಗಸದ ಯಂತ್ರ ಒಮ್ಮೆ ಗುರುಗುಟ್ಟಿದ್ದನ್ನು ಕೇಳಿ ಲೈನ್‌ಮನ್‌ನ ಮಗಳು ಮೇಲಿನಿಂದ ಓಡೋಡಿ ಬಂದಳು. ಅವಳದು ಗಿಡಮರಗಳ ಓದು. ಸಂಶೋಧನೆಗೆಂದು ಈ ಕಾಡಿನದೇ ಒಂದು ತುಂಡನ್ನು ಆರಿಸಿಕೊಂಡು, ಅದರೊಳಗಿನ ಒಂದೊಂದು ಮರಕ್ಕೂ ಬಿಲ್ಲೆ ಕಟ್ಟಿ, ಯಾವುದು ಚಿಗುರಿತು, ಯಾವುದು ಹೂಬಿಟ್ಟಿತು, ಯಾವುದು ಸತ್ತಿತು ಎಂದು ನೋಡುತ್ತಿದ್ದಳು.

"ಅಪ್ಪ, ಮೇಲೆ ನೋಡಿದ್ರಾ?"

ಲೈನ್‌ಮನ್ ತಲೆಯೆತ್ತಿದ. ಸತ್ತ ಮರದ ನೆತ್ತಿ ಹಸಿರಾಗಿತ್ತು. ಆ ಹಸಿರಿನಿಂದ ಹಗ್ಗದಂಥ ಬಳ್ಳಿಗಳು ಹೊರಟು ಪಕ್ಕದ ಮರಕ್ಕೆ, ಅಲ್ಲಿಂದ ಆಚೆಯದಕ್ಕೆ ಹೆಣೆದುಕೊಂಡಿದ್ದವು. ಎಲ್ಲಿಂದ ಎಲ್ಲಿಗೆ ಎನ್ನುವುದು ಕಣ್ಣಿಗೆ ಸಿಗುವಂತಿರಲಿಲ್ಲ.

"ಇದು ಒಂದು ಮರ ಅಲ್ಲ. ಇದನ್ನ ಬೀಳಿಸಿದ್ರೆ ಜೊತೆಗೆ ಎಷ್ಟು ಬರುತ್ತೋ ಹೇಳೋಕಾಗಲ್ಲ," ಎಂದಳು ಮಗಳು.

"ಬುಡದಲ್ಲಿ ಬಳ್ಳಿ ಎಲ್ಲ ಕಡಿದಾಯ್ತಲ್ಲಮ್ಮ," ಎಂದರು ಇಂಜಿನಿಯರ್.

"ಬುಡ ಕಡಿದ್ರೆ ಸಾಯುತ್ತೆ ಸರ್, ಬಿಡಲ್ಲ. ಒಣಗಿ, ಕೊಳೆತು, ಹಿಡಿತ ಕಳಚೋಕೆ ವರ್ಷ ಬೇಕು."

"ಥೇಟ್ ನಿಮ್ಮತ್ತೆ ನೋಡು," ಎಂದ ಉಡ. ಯಾರೂ ನಗಲಿಲ್ಲ. ಅವನೇ ಸ್ವಲ್ಪ ನಕ್ಕ.

"ಮೊದಲು ಬಳ್ಳಿ ಇಷ್ಟಿರಲಿಲ್ಲವಲ್ಲೇ," ಎಂದ ಲೈನ್‌ಮನ್.

"ಸೆಕೆ ಜಾಸ್ತಿಯಾದಷ್ಟೂ ಮರ ನೀರಿಲ್ಲದೆ ಸೊರಗುತ್ತೆ. ಬಳ್ಳಿ ಬೇರು ಪಾತಾಳಕ್ಕಿಳಿದಿರುತ್ತೆ, ಅದಕ್ಕೆ ಬರಗಾಲ ಇಲ್ಲ. ಕಾಂಡ ಕಟ್ಟೋ ಕಷ್ಟಾನೂ ಇಲ್ಲ. ಇನ್ನೊಬ್ಬರ ಹೆಗಲೇರಿ ಬಿಸಿಲು ತಿನ್ನುತ್ತೆ. ನಾವು ಗಾಳಿಗೆ ಬಿಡ್ತಿರೋ ಹೊಗೆ ಇದೆಯಲ್ಲ, ಅದೂ ಇದಕ್ಕೆ ಗೊಬ್ಬರ ಹಾಕಿದ ಹಾಗೆ."

ಇಂಜಿನಿಯರ್ ಕೈಯೆತ್ತಿದರು. "ನೀನು ಹೇಳೋದು ಸರಿ ಇರಬಹುದು. ನನಗೇನು ಮರ ಉರುಳಿಸೋ ಹುಚ್ಚಾ? ಮೇಲೆ ಕೂಸುಗಳಿವೆ. ಬೇರೆ ದಾರಿ ಇದ್ರೆ ಹೇಳು."

ಅವಳ ಬಳಿ ಇದ್ದದ್ದು ಒಂದೇ ದಾರಿ. ಮೇಲೆ ಹತ್ತಿ ಹೆಣಿಗೆಯನ್ನು ಒಂದೊಂದಾಗಿ ಬಿಡಿಸುವುದು. ಸತ್ತ ಮರವನ್ನು ನಂಬಿ ಹತ್ತುವಂತಿಲ್ಲ, ಪಕ್ಕದ ಜೀವಂತ ಮರದಿಂದಲೇ ಆಗಬೇಕು. ಅವಳು ಮಾತು ಮುಗಿಸುವ ಮುನ್ನವೇ ಉಡ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದ.

ಕೆಳಗಿನವರು ಕತ್ತೆತ್ತಿ ನಿಂತರು. ಕೊಂಬೆ ದಾಟಿ ಕೊಂಬೆಗೆ ಏರಿದ ಉಡ ಹಸಿರಿನೊಳಗೆ ಮರೆಯಾದ. ಆಗಾಗ ಕತ್ತಿಯ ಸದ್ದು, ಆಮೇಲೆ ಒಂದು ಬಳ್ಳಿ ಸರ್ರನೆ ಜಾರಿ ನೇತಾಡುವುದು. ನಡುವೆ ಒಮ್ಮೆ ಅವನ ದನಿ ಬಂತು.

"ಭಾವಾ, ಇದು ಬದುಕಿರೋ ಮರ ಅಂದ್ರಲ್ಲ? ಇಲ್ಲಿ ಇದರ ಸ್ವಂತದ ಎಲೆ ಒಂದೂ ಇಲ್ಲ. ಎಲ್ಲಾ ಬಳ್ಳೀದೇ!"

ಮಗಳು ತಂದೆಯ ಮುಖ ನೋಡಿದಳು. ಬಿಲ್ಲೆ ಕಟ್ಟಿದ ಮರಗಳಲ್ಲಿ ಅದೂ ಒಂದು. ಕೆಳಗಿನಿಂದ ಹಸಿರು ಕಂಡು ಚೆನ್ನಾಗಿದೆ ಎಂದೇ ಅವಳು ಲೆಕ್ಕಕ್ಕೆ ಹಿಡಿದಿದ್ದಳು. ಈಗ ಅವಳ ಕಣ್ಣು ಆ ಮರದಿಂದ ಆಚೆಯ ಮರಕ್ಕೆ, ಅದರಾಚೆಯದಕ್ಕೆ ಹೋಗುತ್ತಿತ್ತು.

ಇಳಿದು ಬಂದ ಉಡನ ಮುಖದಲ್ಲಿ ಎಂದಿನ ಉಡಾಫೆ ಇರಲಿಲ್ಲ. "ಕೈಗೆ ಸಿಕ್ಕಿದ್ದೆಲ್ಲ ಬಿಡಿಸಿದೀನಿ. ಹಿಂದಿನ ಕಡೆ ಒಂದು ದಪ್ಪಂದು ಕಂಡ ಹಾಗಾಯ್ತು. ಆಮೇಲೆ ಆ ಪೊದೆಯೊಳಗೆ ಎಲ್ಲಿ ಹೋಯ್ತೋ ತಿಳೀಲಿಲ್ಲ."

"ಇನ್ನೊಂದ್ಸಲ ಹತ್ತಿ ನೋಡೋಣ ಮಾವ," ಎಂದಳು ಮಗಳು.

"ತೋಳು ಸೋತು ಹೋಗಿದೆ ಕಣೇ ಪುಟ್ಟಿ. ಸ್ವಲ್ಪ ಹೊತ್ತು ಕೊಡು."

ಅಷ್ಟರಲ್ಲಿ ಲೈನ್‌ಮನ್‌ನ ಜೇಬಿನಲ್ಲಿ ಫೋನು ಮತ್ತೆ ಅದುರಿತು. ತಂಗಿ. ಅವನು ಎತ್ತಲಿಲ್ಲ. ಬಿಸಿಲು ಮರಗಳ ಬೆನ್ನಿಗೆ ಸರಿದಿತ್ತು. ಇಂಜಿನಿಯರ್ ಅವನನ್ನೇ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಹಿರಿಯ ಕೆಲಸಗಾರನ ಮಾತೇ ಕೊನೆಯದು ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಲೈನ್‌ಮನ್ ಗರಗಸ ಹಿಡಿದವನತ್ತ ತಿರುಗಿ ತಲೆಯಾಡಿಸಿದ.

ಎಲ್ಲರೂ ದೂರ, ಮರ ಬೀಳುವ ದಿಕ್ಕಿನ ಎದುರು ಬದಿಗೆ, ಲೈನಿನ ಕಡೆ ಸರಿದು ನಿಂತರು. ಗರಗಸ ಕೊರೆಯಿತು. ಮರ ಒಳಗಿನಿಂದ ಲಟಲಟ ಎಂದಿತು. ಗರಗಸದವನು ಯಂತ್ರ ಬಿಟ್ಟು ಪಕ್ಕಕ್ಕೆ ಓಡಿದ. ಮರ ಲೈನಿನಿಂದ ಆಚೆಗೆ, ಬೇಕಾದ ಕಡೆಗೇ ವಾಲಿತು. ಇಂಜಿನಿಯರ್ ಉಸಿರು ಬಿಟ್ಟರು. ಅರ್ಧ ದಾರಿಯಲ್ಲಿ ಅದು ನಿಂತಿತು. ಯಾರೋ ಮೇಲಿನಿಂದ ಜುಟ್ಟು ಹಿಡಿದಂತೆ ಆಕಾಶದಲ್ಲಿ ವಾಲಿಕೊಂಡೇ ನಿಂತಿತು.

ಎಲ್ಲರ ಕಣ್ಣೂ ಮುಂದಿತ್ತು. ಸದ್ದು ಬಂದದ್ದು ಹಿಂದಿನಿಂದ.

ನೆಲ ನರಳಿತು. ಲೈನ್‌ಮನ್ ತಿರುಗಿದಾಗ, ಬಳ್ಳಿ ಜಗ್ಗಿದ ರಭಸಕ್ಕೆ ಅವರ ಬೆನ್ನ ಹಿಂದಿನ ಮರದ ಬೇರು ಮಣ್ಣನ್ನು ಮುಚ್ಚಳದಂತೆ ಎತ್ತುತ್ತಿತ್ತು. ಅವನು ಮಗಳ ರಟ್ಟೆ ಹಿಡಿದು ಲೈನಿನ ಉದ್ದಕ್ಕೆ ಓಡಿದ. ಉಡ ಇನ್ನೊಂದು ಕಡೆಗೆ ಓಡಿದ್ದನ್ನು ಕಣ್ಣಂಚಿನಲ್ಲಿ ಕಂಡ. ಒಂದು ಮರ ಮತ್ತೊಂದನ್ನು, ಅದು ಇನ್ನೊಂದನ್ನು ಎಳೆದುಕೊಂಡು ಬಂತು. ತಂತಿಗಳು ಚಾಟಿಯಂತೆ ಸಿಳ್ಳೆ ಹಾಕಿದವು. ಕಂಬಗಳು ಮಂಡಿಯೂರಿದವು. ಆಮೇಲೆ ಧೂಳು, ಧೂಳಿನೊಳಗೆ ಒಣ ಎಲೆ ಬೀಳುವ ಸದ್ದು.

ಧೂಳು ಅಡಗಿದಾಗ ಆ ಜಾಗದಲ್ಲಿ ಎಂದೂ ಇರದಿದ್ದ ಬಿಸಿಲಿತ್ತು.

"ಉಡಾ!" ಎಂದು ಕೂಗಿದ ಲೈನ್‌ಮನ್. ತನ್ನ ದನಿ ತನಗೇ ಗುರುತು ಹತ್ತಲಿಲ್ಲ.

"ಇಲ್ಲೇ ಇದೀನಿ ಭಾವ," ಎಂಬ ಉತ್ತರ ಕೊಂಬೆಗಳ ರಾಶಿಯೊಳಗಿಂದ ಬಂತು. "ಕಾಲು ಮಾತ್ರ ಎಲ್ಲಿದೆಯೋ ಗೊತ್ತಾಗ್ತಿಲ್ಲ."

ಅವನನ್ನು ಬಿಡಿಸಿ, ಕಂಬಳಿಗೆ ಕೋಲು ತೂರಿಸಿ ಡೋಲಿ ಮಾಡಿ, ಗುಡ್ಡ ಹತ್ತಿಸಿದರು. ಪೇಟೆಗಿಂತ ಮೇಲಿನ ಆಸ್ಪತ್ರೆಯೇ ಹತ್ತಿರ. ತಂಗಿ ಬಾಗಿಲಲ್ಲೇ ನಿಂತಿದ್ದಳು. ಕರೆಂಟು ಏಕೆ ಬರಲಿಲ್ಲ ಎಂದು ಕೇಳಲು ಬಾಯಿ ತೆರೆದವಳು ಡೋಲಿಯಲ್ಲಿದ್ದವನನ್ನು ನೋಡಿದಳು.

ಡಾಕ್ಟರು ಸಣ್ಣ ವಯಸ್ಸಿನವರು, ಮೆಲುದನಿ. "ಕಾಲು ಈಗಲೇ ತೆಗೀಬೇಕು ಸಿಸ್ಟರ್. ಇರೋ ಡೀಸೆಲ್‌ನಲ್ಲಿ ಆಪರೇಷನ್ ರೂಮೂ ಪೆಟ್ಟಿಗೆಗಳೂ ಎರಡೂ ನಡೆಯಲ್ಲ."

ಅವಳು ಗಂಡನ ಕಡೆ ನೋಡಲಿಲ್ಲ. ಒಳಗೆ ಹೋಗಿ, ಬಾಣಂತಿಯರಿಬ್ಬರನ್ನೂ ಎಬ್ಬಿಸಿ, ಕೂಸುಗಳನ್ನು ಅವರ ಬರಿಯ ಎದೆಗೆ ಬಟ್ಟೆಯಿಂದ ಬಿಗಿದು ಕಟ್ಟಿ, ಮೇಲೆ ಹೊದಿಕೆ ಸುತ್ತಿದಳು. "ಅಲ್ಲಾಡಬೇಡಿ. ನಿಮ್ಮ ಮೈ ಬಿಸೀನೇ ಈಗ ಕರೆಂಟು," ಎಂದಳು. ಹೊರಗೆ ಬಂದು ಡಾಕ್ಟರಿಗೆ, "ದೀಪ ಹಾಕಿ," ಎಂದಳು. ಅಣ್ಣನನ್ನು ದಾಟಿ ಆಪರೇಷನ್ ರೂಮಿನೊಳಗೆ ಹೋದಳು.

ಕೂಸುಗಳು ಉಳಿದವು. ಉಡನೂ ಉಳಿದ, ಮಂಡಿಯಿಂದ ಕೆಳಗಿನದು ಹೋಯಿತು. ನೋಡಲು ಬಂದವರೆಲ್ಲರಿಗೂ ಅವನೇ ತಮಾಷೆ ಹೇಳಿ ಕಳಿಸುತ್ತಿದ್ದ. ಅವರು ಹೋದ ಮೇಲೆ ಕಿಟಕಿಯಾಚೆಯ ಗುಡ್ಡ ನೋಡುತ್ತ ಕೂರುತ್ತಿದ್ದ. "ಭಾವ, ಆ ಹಸಿರೆಲ್ಲ ನಿಜ ಅಂತ ಅಂದ್ಕೊಂಡಿದ್ದೆ ನಾನು," ಎಂದ ಒಂದು ದಿನ.

ಕಾಡಿನ ಲೈನು ಬಿಟ್ಟುಬಿಡುವುದೆಂದು ತೀರ್ಮಾನವಾಯಿತು. ಗುಡ್ಡ ಬಳಸಿ ಹೋಗುವ ರಸ್ತೆಯ ಪಕ್ಕ ಹೊಸ ಕಂಬಗಳು ಎದ್ದವು. ಒಂದೆರಡು ಮಳೆ ಬಿದ್ದು ನಿಂತ ಮೇಲೆ, ಬಿದ್ದ ತಂತಿಯನ್ನು ಸುತ್ತಿ ತರಲು ಲೈನ್‌ಮನ್ ಹೊರಟ. ಮಗಳೂ ಬಂದಳು.

ಮರಗಳು ಬಿದ್ದ ಜಾಗ ಗುರುತು ಸಿಗದಷ್ಟು ಹಸಿರಾಗಿತ್ತು. ಎಳೆ ಚಿಗುರು ಮೊಣಕಾಲು ಮುಟ್ಟುತ್ತಿತ್ತು. ಲೈನ್‌ಮನ್ ಮನಸ್ಸು ಸ್ವಲ್ಪ ಹಗುರಾಗಿ, "ನೋಡು, ಕಾಡು ಮತ್ತೆ ಬರ್ತಿದೆ," ಎಂದ.

ಮಗಳು ನೆಲಕ್ಕೆ ಕೂತು ಕೈಯಿಂದ ಚಿಗುರು ಸರಿಸುತ್ತ, ಬುಡ ನೋಡುತ್ತ ಬಹಳ ಹೊತ್ತು ಮುಂದೆ ಮುಂದೆ ಹೋದಳು. ಅವತ್ತು ಉರುಳಿದ ಮರಗಳಲ್ಲಿ ಒಂದರ ಕೆಳಗೆ ಅದರ ಬೀಜ ಬಿದ್ದಿತ್ತು. ಮೊದಲ ಮಳೆಗೆ ಮೊಳೆತು, ಎರಡನೆಯದು ಬರುವುದರೊಳಗೆ ಬಿಸಿಲಿಗೆ ಸುಟ್ಟು, ಕಪ್ಪು ದಾರದಂತಾಗಿತ್ತು.

"ಇದರಲ್ಲಿ ಮರ ಯಾವುದು?" ಎಂದು ಕೇಳಿದ ಅವನು.

"ಒಂದೂ ಅಲ್ಲ ಅಪ್ಪ. ಎಲ್ಲಾ ಬಳ್ಳೀನೇ."

ಅವನು ತಂತಿ ಸುತ್ತುತ್ತಾ ಹೋದ. ಅಲ್ಲಲ್ಲಿ ತಂತಿ ಬರದೆ ಜಗ್ಗುತ್ತಿತ್ತು. ಕತ್ತಿಯಿಂದ ಬಳ್ಳಿ ಕಡಿದು ಎಳೆದುಕೊಳ್ಳಬೇಕಿತ್ತು. ಕೊನೆಗೆ ತಿರುಗದೆಯೇ, "ನಾನು ಅವತ್ತು ತಲೆ ಆಡಿಸಬಾರದಿತ್ತು," ಎಂದ.

"ಆಡಿಸದಿದ್ರೂ ಬೀಳ್ತಿತ್ತು. ಇನ್ನೊಂದು ಗಾಳಿಗೆ."

ಅದು ಸಮಾಧಾನದ ಮಾತೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಸುರುಳಿಯನ್ನು ಹೆಗಲಿಗೇರಿಸಿ ಎದ್ದು ನಿಂತ. ಆಗಲೇ ಕಾಡಿನ ಒಳಗೆ, ತುಂಬ ದೂರದಲ್ಲಿ, ಏನೋ ದೊಡ್ಡದು ಮುರಿದು ಬಿದ್ದ ಸದ್ದು ಕೇಳಿತು. ಸ್ವಲ್ಪ ಬಿಟ್ಟು ಇನ್ನೊಂದು. ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಮಗಳು ಮೆಲ್ಲಗೆ ಎದ್ದು ಅವನ ಪಕ್ಕಕ್ಕೆ ಬಂದಳು. ಇಬ್ಬರೂ ಉಸಿರು ಹಿಡಿದು ನಿಂತಿದ್ದಂತೆಯೇ, ತಲೆಯ ಮೇಲೆ ಒಂದು ಮರದಿಂದ ಇನ್ನೊಂದಕ್ಕೆ ಸಡಿಲವಾಗಿ ಜೋತುಬಿದ್ದಿದ್ದ ಬಳ್ಳಿಯೊಂದು ನಿಧಾನವಾಗಿ ಬಿಗಿಯಾಯಿತು.