ಎರಡೂವರೆ ಗೇಣು

ಎಡಗಡೆ ನೋಡಿ ಅನ್ನುತ್ತಿದ್ದಾಳೆ ಮೈಕು ಹಿಡಿದ ಹುಡುಗಿ, ಊರು ತೋರಿಸುವ ಬಸ್ಸಿನಲ್ಲಿದ್ದ ಎಲ್ಲರ ಕುತ್ತಿಗೆಯೂ ಎಡಕ್ಕೆ, ಗಾಳಿ ಬೀಸಿದಾಗ ತೆನೆಗಳು ವಾಲಿದ ಹಾಗೆ, ನಾನೂ ವಾಲುತ್ತೇನೆ, ಎತ್ತರದ ಕಟ್ಟೆಯ ಮೇಲೆ ಕಲ್ಲಿನ ಕುದುರೆ, ಕುದುರೆಯ ಮೇಲೆ ಯಾರೋ ಒಬ್ಬ ಶೂರ, ಶೂರನ ತಲೆಯ ಮೇಲೆ ಪಾರಿವಾಳ — ಆದರೆ ನನ್ನ ಕಣ್ಣು ಅಲ್ಲಿಯವರೆಗೆ ಹೋಗುವುದೇ ಇಲ್ಲ, ನಡುವೆ ತಮ್ಮನ ಕೈ ಅಡ್ಡ ಬರುತ್ತದೆ, ಕಿಟಕಿಯ ಗಾಜಿನ ಮೇಲೆ ಅಗಲವಾಗಿ ಊರಿದ ಕೈ, ನೋಡು ಅಕ್ಕಾ ನೋಡು ಅನ್ನುವ ಕೈ, ಹೆಬ್ಬೆರಳು ಒಂದು ಕಡೆ ಕಿರುಬೆರಳು ಒಂದು ಕಡೆ, ಗಾಜನ್ನೇ ಅಳೆಯುತ್ತಿದ್ದಾನೋ ಎಂಬಂತೆ, ದೇವರೇ ಎಷ್ಟು ದೊಡ್ಡದಾಗಿದೆ ಈ ಕೈ, ಯಾವಾಗ ಇಷ್ಟು ದೊಡ್ಡದಾಯಿತು, ಮಡಿಲಲ್ಲಿದ್ದ ಚೀಲದ ಮೇಲೆ ನನ್ನ ಕೈಯನ್ನು ಮೆಲ್ಲಗೆ ಹರವಿ ನೋಡಿದೆ, ಅವನದಕ್ಕೂ ನನ್ನದಕ್ಕೂ ಎರಡು ಬೆರಳಿನಷ್ಟು ವ್ಯತ್ಯಾಸ, ಹಾಗಾದರೆ ಚೀಲದೊಳಗಿನ ಫ್ರಾಕು ಗಿಡ್ಡವಾಯಿತು. ಭುಜದಿಂದ ಮೊಣಕಾಲಿಗೆ ಎರಡೂವರೆ ಗೇಣು ಅಕ್ಕಾ ಅಂದಿದ್ದ ಫೋನಿನಲ್ಲಿ, ಮಗಳು ಮಲಗಿದ್ದಾಗ ಅಳೆದೆ, ಮನೇಲಿ ಟೇಪಿಲ್ಲ — ಗೇಣಾದರೆ ಗೇಣು, ಸಾಕು ಬಿಡೋ ಅಂದೆ ನಾನು, ಬಟ್ಟೆಯ ಮೇಲೆ ನನ್ನ ಕೈ ಇಟ್ಟು ಎರಡೂವರೆ ಸಲ ಹೊರಳಿಸಿ ಗುರುತು ಹಾಕಿದೆ, ಕತ್ತರಿಸಿದೆ. ಯಾರ ಗೇಣು ಅಂತ ಕೇಳಲೇ ಇಲ್ಲ. ಊರಿನ ಮದುಮಕ್ಕಳಿಗೆಲ್ಲ ಅಳತೆ ತೆಗೆದವಳು, ಒಂದು ದಾರದಷ್ಟೂ ತಪ್ಪದವಳು, ಕೇಳಲಿಲ್ಲ, ಯಾಕೆಂದರೆ ಅಪ್ಪ ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಗೇಣು ಅಂದರೆ ನನ್ನ ಗೇಣು, ಅವನ ಚಡ್ಡಿ, ಅವನ ಅಂಗಿ, ಶಾಲೆಯ ಚೀಲ, ಎಲ್ಲ ಈ ಕೈಯ ಅಳತೆಯಲ್ಲೇ ಬೆಳೆದದ್ದು, ಇನ್ನೊಂದು ಕೈ ಇರಬಹುದು ಅನ್ನುವುದೇ ತಲೆಗೆ ಬರಲಿಲ್ಲ. ಇರಲಿ, ಬೆಳೆಯುವ ಮಗುವಿನ ಬಟ್ಟೆ ಅಂತ ಅಂಚಿಗೆ ಆರು ಬೆರಳು ಹೆಚ್ಚಿಗೆ ಬಿಟ್ಟು ಒಳಗೆ ಮಡಿಸಿ ಹೊಲಿದಿದ್ದೇನೆ, ಬಿಚ್ಚಿ ಇಳಿಸಿದರೆ ಆಯಿತು, ಸೂಜಿ ಹೇಗೂ ನನ್ನ ಕಾಲರಿನಲ್ಲಿ ಚುಚ್ಚಿಕೊಂಡೇ ಇದೆ, ಸಾಯಂಕಾಲದೊಳಗೆ ಆಗುತ್ತದೆ, ಸಾಯಂಕಾಲ ಮನೆಗೆ ಕರೆದುಕೊಂಡು ಹೋದರೆ.

ಸಾಯಂಕಾಲ ನೋಡೋಣ ಅಕ್ಕಾ ಅಂತಲೇ ಅಂದಿದ್ದಾನೆ, ನಿನ್ನೆಯೂ ಹಾಗೇ ಅಂದಿದ್ದ. ನಿನ್ನೆ ಬಸ್ಸು ಇಳಿದವಳನ್ನು ನೇರ ಲಾಡ್ಜಿಗೆ ಕರೆದೊಯ್ದ, ಮನೇಲಿ ಬಣ್ಣ ಹೊಡೀತಿದಾರೆ, ಆ ವಾಸನೆಗೆ ನಿನ್ನ ಉಬ್ಬಸ ಕೆರಳುತ್ತೆ ಅಂದ, ನನ್ನ ಉಬ್ಬಸ ನೆನಪಿಟ್ಟಿದ್ದಾನಲ್ಲ ಎಂದು ಒಂದು ಗಳಿಗೆ ಕಣ್ಣು ತುಂಬಿತು, ಆಮೇಲೆ ಅವನು ನನ್ನ ಪೆಟ್ಟಿಗೆ ಎತ್ತಿಡಲು ಬಗ್ಗಿದಾಗ ಅವನ ಅಂಗಿ ಮೂಗಿನ ಹತ್ತಿರ ಬಂತು, ಬಟ್ಟೆ ಮೂಸಿಯೇ ಅದು ಯಾವ ಮನೆಯ ಪೆಟ್ಟಿಗೆಯಲ್ಲಿತ್ತು ಅಂತ ಹೇಳುವವಳು ನಾನು, ಸೋಪಿನ ವಾಸನೆ ಇತ್ತು, ಮಗುವಿನ ಪೌಡರಿನ ವಾಸನೆ ಇತ್ತು, ಬಣ್ಣದ ವಾಸನೆ ಇರಲಿಲ್ಲ. ಅವನು ಮಂಚದ ತುದಿಯಲ್ಲಿ ಕೂತು ಪಾಠ ಒಪ್ಪಿಸಿದ, ಮೊದಲನೇ ಸಲ ಬಂದಿದೀಯ ಹುಷಾರಾಗಿರ್ಬೇಕು, ಚೀಲ ಬೆನ್ನಿಗಲ್ಲ ಎದೆಗೆ ಹಾಕ್ಕೋ, ಟ್ಯಾಕ್ಸಿ ಹತ್ತೋಕೆ ಮುಂಚೆನೇ ಬಾಡಿಗೆ ಮಾತಾಡ್ಬೇಕು, ಹೊಸ ಚಪ್ಪಲಿ ಬೇಡ ಕಾಲು ಕಚ್ಚುತ್ತೆ, ಶೌಚಾಲಯ ಕಂಡ ಕಡೆ ಹೋಗಿಬಿಡು, ಆಮೇಲೆ ಹುಡುಕಿದ್ರೆ ಸಿಗಲ್ಲ, ತಾವಾಗೇ ಬಂದು ದಾರಿ ತೋರಿಸ್ತೀನಿ ಅನ್ನೋರನ್ನ ನಂಬಬೇಡ — ಅಷ್ಟು ಹೇಳಿ ನಾಳೆ ನಾನೇ ಎಲ್ಲಾ ತೋರಿಸ್ತೀನಿ ಅಂದ. ಮತ್ತೆ ಬಾಗಿಲ ಹತ್ತಿರ ತಿರುಗಿ, ಅಕ್ಕಾ, ಜನದಲ್ಲಿ ಎಲ್ಲಾದ್ರೂ ತಪ್ಪಿಸ್ಕೊಂಡ್ರೆ ಓಡಾಡಬೇಡ, ನಿಂತಲ್ಲೇ ನಿಂತ್ಕೋ, ನಾನೇ ಹುಡುಕ್ಕೊಂಡು ಬರ್ತೀನಿ. ಲೋ, ಇದು ನಿನ್ನ ಮಾತಲ್ಲ ಕಣೋ, ನನ್ನದು, ಸಂತೆಯಲ್ಲಿ ನಿನ್ನ ಮೂಗು ಒರೆಸುತ್ತಾ ನಾನು ಹೇಳಿಕೊಟ್ಟದ್ದು, ನನಗೇ ತಿರುಗಿಸಿ ಕೊಟ್ಟೆಯಾ. ನಿಂತಲ್ಲೇ ನಿಂತಿದ್ದೆನಲ್ಲ ಇಷ್ಟು ವರ್ಷ, ಅದೇ ಹೊಲಿಗೆ ಮಿಷಿನ್ನು, ಅದೇ ಕಿಟಕಿ, ತಮ್ಮನ ಓದು ಮುಗಿಯಲಿ ಅಂತ ಬಂದ ಗಂಡುಗಳನ್ನೆಲ್ಲ ವಾಪಸು ಕಳಿಸಿ, ಓದು ಮುಗಿಯಿತು, ಕೆಲಸ ಸಿಕ್ಕಿತು, ಕೆಲಸ ಕೊಟ್ಟ ಫರ್ನಿಚರ್ ಅಂಗಡಿಯವರ ಮಗಳೇ ಸಿಕ್ಕಳು, ಮದುವೆ ಅವಸರದಲ್ಲಿ ಆಗ್ಹೋಯ್ತು ಅಕ್ಕಾ, ಕರೆಯೋಕೂ ಆಗ್ಲಿಲ್ಲ ಅಂದ. ಹುಡುಕಿಕೊಂಡು ಯಾರೂ ಬರಲಿಲ್ಲ. ಕೊನೆಗೆ ಹೊರಟು ಬಂದವಳು ನಾನೇ, ಮಗು ನೋಡಬೇಕು ಕಣೋ ಅಂತ, ಒಂದು ಸಲ, ನನ್ನ ಕೈಯಾರೆ ಬಟ್ಟೆ ಹಾಕಿ ನೋಡಬೇಕು.

ಒಂದೇ ದಿನದಲ್ಲಿ ಎಲ್ಲಾ ನೋಡ್ತೀನಿ ಅಂತ ಹೊರಟ್ರೆ ಏನೂ ನೋಡಿದ ಹಾಗಾಗಲ್ಲ, ಒಂದು ಜಾಗ ಆರಿಸ್ಕೊಂಡು ಅದನ್ನ ತೃಪ್ತಿಯಾಗಿ ನೋಡಿ, ಮೈಕಿನ ಹುಡುಗಿ ಬುದ್ಧಿ ಹೇಳುತ್ತಿದ್ದಾಳೆ, ಆರಿಸಿಕೊಂಡೇ ಬಂದಿದ್ದೇನೆ ತಾಯಿ, ಒಂದೇ ಜಾಗ, ಆ ನಿಲ್ದಾಣ ನಿನ್ನ ಬಸ್ಸಿನ ದಾರಿಯಲ್ಲಿಲ್ಲ ಅಷ್ಟೆ. ಅರಮನೆ ನೋಡಿದೆವು, ರಾಜ ಮಲಗುತ್ತಿದ್ದ ಮಂಚ, ಹಗ್ಗ ಕಟ್ಟಿ ಮುಟ್ಟಬೇಡಿ ಎಂದು ಬರೆದಿದ್ದರು, ಸತ್ತ ರಾಜನ ಮಲಗುವ ಮನೆಯವರೆಗೆ ಬಿಟ್ಟರು ನನ್ನನ್ನು. ಮ್ಯೂಸಿಯಮ್ಮಿಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗ್ಬೇಕು, ಆಮೇಲೆ ರಶ್ಶು ಅಂದ ತಮ್ಮ, ಅಲ್ಲಿ ಮಡಕೆ, ಕತ್ತಿ, ಯಾವುದೋ ಕಾಲದ ರಾಣಿಯ ಅಂಗಿ, ಅದರ ತೋಳಿನ ಹೊಲಿಗೆ ನೋಡುತ್ತಾ ನಿಂತುಬಿಟ್ಟೆ, ಬಾ ಅಕ್ಕಾ ಇನ್ನೂ ಬೇಕಾದಷ್ಟಿದೆ ಅಂದ. ಅವನು ಗೋಪುರದ ಟಿಕೆಟ್ಟಿಗೆ ಸಾಲಿನಲ್ಲಿ ನಿಂತಿದ್ದಾಗ ನಾನು ಉದ್ಯಾನದ ಬೆಂಚಿನಲ್ಲಿ ಫ್ರಾಕು ತೆಗೆದು ಅಂಚು ಬಿಚ್ಚತೊಡಗಿದೆ, ಬಸ್ಸಿನಲ್ಲಿ ನಮ್ಮ ಹಿಂದೆ ಕೂತಿದ್ದ ಮುದುಕಿ ಬಂದು ಪಕ್ಕದಲ್ಲಿ ಕುಳಿತಳು, ಉಸ್ಸಪ್ಪಾ, ಮೊಣಕಾಲು ಸತ್ತೇ ಹೋಯ್ತು, ಅವನು ನಿಮ್ಮ ಮಗನಾ? ತಮ್ಮ ಅಂದೆ, ಮಗನ ಹಾಗೆ ಅನ್ನಬೇಕೆಂದಿದ್ದೆ, ಅಷ್ಟರಲ್ಲಿ ಅವಳು ಶುರುಮಾಡಿದಳು, ಪುಣ್ಯವಂತೆ ಬಿಡಮ್ಮ, ಕೈಹಿಡ್ಕೊಂಡು ತೋರಿಸ್ತಾನೆ, ನಮ್ಮ ಮಹಾರಾಯನೂ ಇದಾನೆ, ಬಂದ ದಿನದಿಂದ ಮನೇಲೇ ಕೂರಿಸಿದಾನೆ, ಆ ಮೊಮ್ಮಗ ಒಬ್ಬ ಬೆನ್ನಿಳಿಯಲ್ಲ, ಸೊಸೆ ಒಂದೇ ಸಮ ತಿನ್ನಿ ತಿನ್ನಿ ಅಂತಾಳೆ, ಊರು ನೋಡ್ಬೇಕೋ ಅಂತ ಜಗಳ ಆಡಿ ಟಿಕೆಟ್ ತೆಗೆಸ್ಕೊಂಡೆ. ಹೌದಾ ಅಂದೆ. ನಗಬೇಕಾಗಿತ್ತು, ನಕ್ಕೆ. ಮೊಮ್ಮಗ ಬೆನ್ನಿಳಿಯುವುದಿಲ್ಲವಂತೆ. ಈ ಮುದುಕಿಯ ಮೊಣಕಾಲು ಇನ್ನಷ್ಟು ನೋಯಲಿ ಎಂದು ಮನಸ್ಸು ಅಂದಿತು, ಛೀ, ಕ್ಷಮಿಸು ದೇವರೇ, ಬೆಳಿಗ್ಗೆ ತಾನೇ ನಿನ್ನ ಹೆಸರು ಹೇಳಿದ ನಾಲಿಗೆ ಇದು — ನಾಲಿಗೆ ಅಲ್ಲ, ಮನಸ್ಸು, ಆದರೂ.

ಅಜ್ಜಿ ಹೇಳುತ್ತಿದ್ದ ಕತೆ ಒಂದಿತ್ತು, ಅದನ್ನು ನಾನು ಗುಂಡಿಯ ಕಾಜಾ ಹೊಲಿಯುತ್ತಾ ಇವನಿಗೆ ಹೇಳುತ್ತಿದ್ದೆ, ಒಂದಾನೊಂದು ಊರಿನಲ್ಲಿ ಒಬ್ಬ ಸಾಹುಕಾರ, ಅವನ ಮನೆಗೆ ದೇವರು ಪರದೇಶಿಯ ವೇಷದಲ್ಲಿ ಬಂದ, ಸಾಹುಕಾರ ಬನ್ನಿ ಬನ್ನಿ ಅಂತ ತೋಟ ತೋರಿಸಿದ, ಕೆರೆ ತೋರಿಸಿದ, ಹಟ್ಟಿಯ ದನ ತೋರಿಸಿದ, ಕಣಜ ತೋರಿಸಿದ, ತೋರಿಸುತ್ತಾ ತೋರಿಸುತ್ತಾ ಹೊತ್ತು ಮುಳುಗಿತು, ಆಗ ದೇವರು ಅಂದನಂತೆ, ಎಲ್ಲಾ ಕಂಡೆ ಸಾಹುಕಾರ, ನಿನ್ನ ಹೊಸ್ತಿಲೊಂದು ಕಾಣಲಿಲ್ಲ. ಇವನು ಕಣ್ಣು ಅಗಲ ಮಾಡಿ ಕೇಳುತ್ತಿದ್ದ, ಅಕ್ಕಾ, ದೇವರಿಗೆ ಊಟಾನೇ ಹಾಕ್ಲಿಲ್ವಾ ಅವನು? ಇಲ್ಲ ಕಂದ. ಥೂ, ಎಂಥ ಮನುಷ್ಯ ಅಕ್ಕಾ ಅವನು! ಅಷ್ಟು ಸಣ್ಣ ಬಾಯಿ, ಅಷ್ಟು ದೊಡ್ಡ ಸಿಟ್ಟು.

ಗೋಪುರದ ತುದಿಯಲ್ಲಿ ಗಾಳಿ, ಕೆಳಗೆ ಊರು ಹರಡಿ ಬಿದ್ದಿತ್ತು, ಕತ್ತರಿಸಿ ಉಳಿದ ತುಂಡುಬಟ್ಟೆಗಳ ರಾಶಿಯ ಹಾಗೆ, ಯಾವುದಕ್ಕೆ ಯಾವುದನ್ನು ಜೋಡಿಸಿದ್ದಾರೋ. ಅದು ನದಿ, ಅದು ಕೋರ್ಟು, ಆ ಹಸಿರು ಗುಮ್ಮಟ ಗ್ರಂಥಾಲಯ, ಅವನ ಬೆರಳು ಒಂದೊಂದನ್ನೂ ಸೂಜಿಯ ಹಾಗೆ ಚುಚ್ಚಿ ತೋರಿಸುತ್ತಿತ್ತು, ನಾನು ಕೇಳಿದೆ, ನಿನ್ನ ಮನೆ ಎಲ್ಲಿ ಬರುತ್ತೋ ಇಲ್ಲಿಂದ? ಬೆರಳು ನಿಂತಿತು. ಆಮೇಲೆ ಐದೂ ಬೆರಳು ಅರಳಿದವು, ಆ ಕಡೆ ಅಕ್ಕಾ ಅಂದ, ಆ ಕಡೆ, ಕೈಯನ್ನು ಗಾಳಿಯಲ್ಲಿ ಹರವಿ ಸವರಿದ, ಆ ಗೇಣಿನೊಳಗೆ ಅರ್ಧ ಊರು ಮುಚ್ಚಿಹೋಯಿತು, ಅಲ್ಲಿ ಎಷ್ಟು ಮನೆ, ಎಷ್ಟು ಕಿಟಕಿ, ಯಾವ ಕಿಟಕಿಯ ಹಿಂದೆ ನನ್ನ ಮಗು ಆಡುತ್ತಿದೆ. ಆಗಲೇ ಅವನ ಫೋನು, ಹೆಂಡತಿಯದು. ಅವನು ನನಗೆ ಬೆನ್ನು ಮಾಡಿದ, ಗಾಳಿ ನನ್ನ ಕಡೆಗೇ ಬೀಸುತ್ತಿದೆ ಅನ್ನುವುದು ಅವನಿಗೆ ಹೊಳೆಯಲಿಲ್ಲ — ಇಲ್ಲ ಕಣೇ, ಊಟದ ಹೊತ್ತಿಗೆ ಬಂದ್ಬಿಡ್ತೀನಿ, ಯಾರೋ ಹೊರಗಿನೋರು ಬಂದಿದಾರೆ, ಊರು ತೋರಿಸ್ತಾ ಇದೀನಿ, ನಿಂಗೆ ಗೊತ್ತಿಲ್ಲ ಬಿಡು, ಗೊತ್ತಿರೋರ ಕಡೆಯೋರು — ಮತ್ತೆ ಅದೇ ಫೋನಿನೊಳಗಿಂದ ಸಣ್ಣ ದನಿ, ಅಪ್ಪಾ ಬೇಗ ಬಾ, ಅವನ ಬಾಯಿ ತುಂಬ ನಗು, ಬಂದೆ ಕಂದ ಬಂದೆ. ಕಂದ. ಅದೂ ನನ್ನ ಮಾತೇ. ಯಾರೋ ಹೊರಗಿನೋರು. ಕಾಲರಿನ ಸೂಜಿಯನ್ನು ಮುಟ್ಟಿ ನೋಡಿದೆ, ಇತ್ತು. ಅರ್ಧ ಬಿಚ್ಚಿದ ಅಂಚು ಚೀಲದಲ್ಲಿ ಹಾಗೇ ಇತ್ತು. ಮತ್ತೆ ಸೂಜಿಗೆ ದಾರ ಹಾಕಲಿಲ್ಲ.

ಸಾಯಂಕಾಲ ಲಾಡ್ಜಿನಿಂದ ಪೆಟ್ಟಿಗೆ ತಂದೆವು, ನೇರ ಬಸ್‌ ನಿಲ್ದಾಣ, ಅವನೇ ಕಿಟಕಿಯ ಸೀಟು ಹಿಡಿದುಕೊಟ್ಟ, ನೀರಿನ ಬಾಟಲಿ, ಬನ್ನು, ಬಾಳೆಹಣ್ಣು, ದಾರೀಲಿ ಬಸ್ಸು ನಿಂತಾಗ ಇಳಿದ್ರೆ ಬಸ್ಸಿನ ನಂಬರು ನೋಡ್ಕೊಂಡು ಇಳಿ, ಯಾರಾದ್ರೂ ತಿನ್ನೋಕೆ ಕೊಟ್ರೆ ತಗೋಬೇಡ. ಸರಿ ಅಂದೆ. ಆ ಫ್ರಾಕು ಕೊಡು ಅಕ್ಕಾ, ನಾನೇ ಹಾಕ್ತೀನಿ ಅವಳಿಗೆ ಅಂದ, ನನ್ನ ಮುಖ ನೋಡದೆ. ಅಂಚು ಬಿಚ್ಚಿದೆ ಕಣೋ, ಹಾಕೋಕೆ ಬರಲ್ಲ, ಅಳತೆ ತಪ್ಪಿದೆ, ಮುಂದಿನ ಸಲ ಸರಿ ಮಾಡಿ ತರ್ತೀನಿ ಅಂದೆ — ಇಲ್ಲ ಅಕ್ಕಾ, ಹಾಗೇ ಕೊಡು ಅಂತ ಒಂದು ಮಾತು ಅಂದಿದ್ದರೆ ಸಾಕಾಗಿತ್ತು, ದಾರ ನೇತಾಡುತ್ತಿದ್ದರೂ ಕೊಟ್ಟುಬಿಡುತ್ತಿದ್ದೆ — ಸರಿ ಅಕ್ಕಾ ಅಂದ, ಎಷ್ಟು ಬೇಗ ಅಂದ, ಭುಜ ಇಳಿಯಿತು ಅವನದು, ಕಾಲರಿನ ಗುಂಡಿ ಸಡಿಲಿಸಿದವರ ಹಾಗೆ. ಕೆಳಗಿಳಿದು ಕಿಟಕಿಯ ಹತ್ತಿರ ಬಂದ, ಎಲ್ಲಾ ನೋಡಿದ ಹಾಗಾಯ್ತಲ್ಲ ಅಕ್ಕಾ? ಎಲ್ಲಾ ನೋಡಿದೆ ಕಣೋ ಅಂದೆ. ಬಸ್ಸು ಅಲುಗಿತು, ಅವನು ಅಂಗೈಯನ್ನು ಗಾಜಿನ ಮೇಲೆ ಊರಿದ, ಒಂದೆರಡು ಹೆಜ್ಜೆ ಜೊತೆಗೇ ಬಂದ, ಆಮೇಲೆ ಕೈ ಬಿಟ್ಟ, ಜನರೊಳಗೆ ಹೋದ, ಹಿಂತಿರುಗಿ ನೋಡಿದನೋ ಇಲ್ಲವೋ, ಬೀದಿಗಳು ಹಿಂದಕ್ಕೆ ಹೋಗುತ್ತಿವೆ, ಬೆಳಕು ಹಚ್ಚಿದ ಕಿಟಕಿಗಳು, ಯಾವುದರಲ್ಲೋ ಈಗ ಊಟಕ್ಕೆ ಕೂರುತ್ತಾರೆ, ಗಾಜಿನ ಮೇಲೆ ಅವನ ಬೆವರಿನ ಗುರುತು ಉಳಿದಿದೆ, ಹೆಬ್ಬೆರಳು ಒಂದು ಕಡೆ ಕಿರುಬೆರಳು ಒಂದು ಕಡೆ, ಒಳಗಿನಿಂದ ನನ್ನ ಕೈ ಅದರ ಮೇಲಿಡುತ್ತೇನೆ, ಹೆಬ್ಬೆರಳಿಗೆ ಹೆಬ್ಬೆರಳು ಸೇರಿಸಿ, ಎಳೆದಷ್ಟೂ ಎಳೆದು, ನರ ನೋಯುವಷ್ಟು ಎಳೆದು — ಮುಟ್ಟುವುದಿಲ್ಲ, ಆ ಕಿರುಬೆರಳು ಇನ್ನೂ ಅಷ್ಟು ದೂರದಲ್ಲಿ, ಗಾಜಿನ ಆ ಕಡೆ.